ಮಾಮಾನ ಮುಷ್ಟಿ, ನನ್ನ ಕರಿ ಕನ್ನಡಕ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಂದಿಡೀ ದಿನ ಬಿಸಿಲಿನಲ್ಲಿ ನಿಂತು ನಾನೊಂದು ಸಿನಿಮಾ ಶೂಟ್ ಮಾಡಿದೆ. ಅದರಲ್ಲಿ ಸಿನಿಮಾ ಒಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು! ಕ್ಯಾಮೆರಾಮನ್ ಅಂದಮೇಲೆ ಕರಿ ಕನ್ನಡಕ ಇರಲೇಬೇಕೆಂದು ನಮ್ಮ ಬಂದರಿನೂರು ವಾಸ್ಕೋದ ಬಜಾರಿನಲ್ಲಿ ಒಂದನ್ನು ಕೊಂಡದ್ದೇ ಕಾರಣ. ಅದನ್ನು ಹಾಕಿಕೊಂಡರೆ ನಾನು ಮಂದಿಗೆ ಚೆಂದ ಕಾಣುತ್ತಿದ್ದೆ. ನನಗೆ ಮಾತ್ರ ಏನೂ ಕಾಣುತ್ತಿರಲಿಲ್ಲ.

ಡೈರೆಕ್ಟರ್ ನಮ್ಮ ಮಾಮಾ, ಅಂದರೆ ಅವ್ವನ ತಮ್ಮ. ಬಾಯಿ ಬಿಡದೆ ಸಿನಿಮಾ ತೆಗೆಯುವ ಇಂಥ ಡೈರೆಕ್ಟರು ಭೂಮಿಯ ಮೇಲೆ ಇನ್ನೊಬ್ಬ ಇರಲಿಕ್ಕಿಲ್ಲ. ಸಡಾ ಗುಡ್ಡದ ಮೇಲೆ ಮನೆ, ಗುಡ್ಡದ ಕೆಳಗೆ ಬಂದರಿನಲ್ಲಿ ಕೆಲಸ. ಕ್ರೇನಿನ ಕೆಳಗೆ ನಿಂತು, ಮೇಲೆ ಕೂತ ಆಪರೇಟರಿಗೆ ಕೈಸನ್ನೆ ಮಾಡುವುದು. ಬೆರಳು ಗಿರಗಿರ ತಿರುಗಿಸಿದರೆ ಎತ್ತು, ಮುಷ್ಟಿ ಬಿಗಿದರೆ ನಿಲ್ಲಿಸು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ ಮನುಷ್ಯ ಶೂಟಿಂಗಿನಲ್ಲಿ 'ಆಕ್ಷನ್', 'ಕಟ್' ಎಂದು ಕಿರುಚುತ್ತಾನೆಯೇ? ಬೆರಳು ತಿರುಗಿದರೆ ಶುರು, ಮುಷ್ಟಿ ಬಿಗಿದರೆ ಬಂದ್. ಮನೆಯಲ್ಲಿ ಅತ್ತೆ ಬಡಿಸುವಾಗ ಸಾಕು ಎನ್ನಲೂ ಅದೇ ಮುಷ್ಟಿ!

ಬಾಯಿ ತೆರೆಯುವುದು ಥಿಯೇಟರಿನಲ್ಲಿ ಮಾತ್ರ. ಹೊಸ ಸಿನಿಮಾ ಬಂತೆಂದರೆ ನನ್ನನ್ನು ಎಳೆದುಕೊಂಡು ಹೋಗಿ ಪರದೆಯ ಜೊತೆ ಜಗಳಕ್ಕೆ ಕೂರುತ್ತಾನೆ.

"ಏನಲೇ, ಬರೇ ಕತ್ತಲಿ! ಕರೆಂಟ್ ಹೋಗೇತೇನು?"

"ಮಾಮಾ, ಸಾವಕಾಶ ಮಾತಾಡು. ಮಂದಿ ನಿನ್ನ ನೋಡಾಕತ್ತಾರ."

"ನೋಡಲಿ. ಪರದೆ ಮ್ಯಾಲ ಏನೂ ಕಾಣವಲ್ದು, ನನ್ನರ ನೋಡಲಿ!"

ಹೀರೋ ಸ್ಲೋಮೋಷನ್ನಿನಲ್ಲಿ ಬಂದರೆ, "ಇಂವ ನೆಟ್ಟಗ ನಡದಿದ್ರ ಪಿಕ್ಚರ್ ಇಂಟರ್ವಲ್‌ಗೇ ಮುಗೀತಿತ್ತು" ಎನ್ನುತ್ತಾನೆ. ಆದರೆ ಮಾಮಾನ ದೊಡ್ಡ ತಕರಾರು ಬೇರೆಯೇ ಇದೆ.

"ಮೂರು ತಾಸಿನ್ಯಾಗ ಒಬ್ಬರರ ಊಟ ಮಾಡ್ಯಾರೇನು? ಮೂವತ್ತು ಮಂದಿನ್ನ ಹೊಡದ ಹೀರೋ, ಮುಂಜಾನಿಂದ ಒಂದು ರೊಟ್ಟಿ ತಿಂದಿಲ್ಲ! ಉಣಲಾರದ ಮನುಷ್ಯಾರ ಕಥಿ ಹೆಂಗ ನಂಬೂದು?"

ಇಷ್ಟೆಲ್ಲ ಹೇಳುವವನ ಸ್ವಂತ ಸಿನಿಮಾ ಹೇಗಿತ್ತು ಅಂತೀರಾ? ಹಿಂದಿನದು ದೆವ್ವದ್ದು. ಓಣಿಯ ಮಂದಿಯನ್ನೆಲ್ಲ ಅಂಗಳದಲ್ಲಿ ಕೂಡಿಸಿ ತೋರಿಸಿದ. ದೆವ್ವ ಬೆಳ್ಳಗೆ ತೇಲುತ್ತ ಬಂತು. ಎಲ್ಲರೂ ಉಸಿರು ಬಿಗಿಹಿಡಿದರು. ಆಗ ಪಕ್ಕದ ಮನೆಯಾಕೆ ಎದ್ದು ನಿಂತು ಕೂಗಿದಳು: "ಅಯ್ಯ, ಅದು ನಮ್ಮ ಚಾದರ! ಹಗ್ಗದ ಮ್ಯಾಲಿಂದ ಕಳದಿತ್ತು!"

ಮಂದಿ ಬಿದ್ದು ಬಿದ್ದು ನಕ್ಕರು. ಮಾಮಾ ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ. ಸನ್ನೆ ಕೂಡ ಮಾಡಲಿಲ್ಲ! ನಾಲ್ಕನೆಯ ದಿನ ನನ್ನನ್ನು ಕರೆದು, "ಇನ್ನೊಂದ ಮಾಡ್ತೇನಿ, ಅಳೂದು. ಅದನ್ನ ನೋಡಿನೂ ನಕ್ಕರಂದ್ರ ಮುಗೀತು. ಮತ್ತ ಕ್ಯಾಮೆರಾದ ಹೆಸರ ತಗಿಯಾಂಗಿಲ್ಲ" ಎಂದ. ತಮಾಷೆಗೆ ಹೇಳಿದ್ದಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಹೆಂಡತಿ ಸತ್ತ ದುಃಖದಲ್ಲಿ ಊರು ಬಿಟ್ಟು ಹಡಗು ಹತ್ತುವವನ ಕಥೆ. ಹೀರೋಯಿನ್ ಆಗೆಂದರೆ ಅತ್ತೆ, "ಕ್ಯಾಮೆರಾ ಮುಂದ ನಿಂದ್ರಿಸಿದ್ರ ನೆಟ್ಟಗ ತವರಿಗೆ ಹೋಗ್ತೇನಿ ನೋಡ್ರಿ" ಎಂದಳು. ಆದ್ದರಿಂದ ಹೀರೋಯಿನ್ ಮೊದಲ ಸೀನಿಗಿಂತ ಮೊದಲೇ ತೀರಿಕೊಂಡಿದ್ದಳು! ಹೀರೋ ಬಂದರಿನ ಗೆಳೆಯನೊಬ್ಬ, ಇಂಡಿ ತಾಲೂಕಿನವನು. ಎರಡು ತಿಂಗಳಿಂದ ದುಃಖದ ಗಡ್ಡ ಬೆಳೆಸಿದ್ದ.

ಸಮುದ್ರ ಕಾಣುವ ಗುಡ್ಡದ ಅಂಚಿನಲ್ಲಿ ಶೂಟಿಂಗ್. ಎಲ್ಲರ ಬುತ್ತಿ ಹೊತ್ತು ಅತ್ತೆಯೂ ಬಂದಿದ್ದಳು. ಮೊಬೈಲನ್ನು ಸ್ಟ್ಯಾಂಡಿಗೆ ಸಿಗಿಸುವಾಗ ನನ್ನ ಹೆಬ್ಬೆರಳು ಗುಂಡಿಗೆ ತಾಗಿ ರೆಕಾರ್ಡಿಂಗ್ ಆಗಲೇ ಶುರುವಾಗಿತ್ತು. ಕೆಂಪು ಚುಕ್ಕೆ ಮಿನುಗಿರಬೇಕು, ಕರಿ ಕನ್ನಡಕದವನಿಗೆ ಕಾಣಬೇಕಲ್ಲ? ಮಾಮಾ ಬೆರಳು ತಿರುಗಿಸಿದ, ನಾನು ಗುಂಡಿ ಒತ್ತಿದೆ, ಬಂದ್ ಆಯಿತು. ಮುಷ್ಟಿ ಬಿಗಿದ, ಒತ್ತಿದೆ, ಶುರುವಾಯಿತು. ಸಂಜೆಯ ತನಕ ಹೀಗೇ! ಹೀರೋ ಅತ್ತಾಗಲೆಲ್ಲ ಮೊಬೈಲು ನಿದ್ದೆ ಮಾಡುತ್ತಿತ್ತು.

ಮನೆಗೆ ಬಂದು ನೋಡಿದರೆ ಸೀನು ಒಂದೂ ಇಲ್ಲ, ನಡುನಡುವಿನ ಬಿಡುವೆಲ್ಲ ಇದೆ! ಮತ್ತೆ ಶೂಟ್ ಮಾಡೋಣವೆಂದು ಹೀರೋನ ಮನೆಗೆ ಓಡಿದೆ. ಆತ ನುಣ್ಣಗೆ ಗಡ್ಡ ಬೋಳಿಸಿಕೊಂಡು ಚಹಾ ಕುಡಿಯುತ್ತಿದ್ದ!

ಮಾಮಾನಿಗೆ ಯಾವ ಬಾಯಿಂದ ಹೇಳಲಿ? ಆತ ಮನೆಮನೆಗೆ ಹೋಗಿ, "ಐತವಾರ ಬರ್ರಿ, ಕರವಸ್ತ್ರ ತಗೊಂಡ ಬರ್ರಿ" ಎಂದು ಕರೆದು ಬಂದಿದ್ದ. ನನ್ನನ್ನು ಕಂಡಾಗಲೆಲ್ಲ, "ಒಂದೀಟು ತೋರಸಲೇ" ಎಂದು ಬೆನ್ನು ಹತ್ತಿದ್ದ.

"ದೊಡ್ಡ ಡೈರೆಕ್ಟರ್‌ಗೋಳು ಮೊದಲ ನೋಡಂಗಿಲ್ಲ ಮಾಮಾ. ಮಂದಿ ಜೋಡಿನ ನೋಡ್ತಾರ."

"ಹಂಗೇನು!" ಎಂದು ಮೀಸೆಯಡಿಯಲ್ಲೇ ಹಿಗ್ಗಿದ. ಆ ಹಿಗ್ಗು ನೋಡಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ.

ಐತವಾರ ಬಂದೇಬಿಟ್ಟಿತು. ಪರದೆಗೆ ಪಕ್ಕದ ಮನೆಯ ಅದೇ ಚಾದರ, ಈ ಸಲ ಕೇಳಿ ತಂದದ್ದು. ಬೇರೆ ದಾರಿ ಕಾಣದೆ ಇದ್ದದ್ದನ್ನೇ ಒಂದಕ್ಕೊಂದು ಅಂಟಿಸಿದ್ದೆ. ಚಪ್ಪಲಿ ಮೆಟ್ಟಿಕೊಂಡು, ಬೈಕಿನ ಕೀಲಿ ಕೈಯಲ್ಲಿ ಹಿಡಿದು ಗೇಟಿನ ಹತ್ತಿರ ನಿಂತೆ.

ಚಾದರದ ಮೇಲೆ ಮಾಮಾನ ಮುಷ್ಟಿ ಮೂಡಿತು. ಆಮೇಲೆ ಹೀರೋ ಅಳು ಬರಲೆಂದು ಕಣ್ಣಿನ ಹತ್ತಿರ ಉಳ್ಳಾಗಡ್ಡಿ ತಿಕ್ಕಿಕೊಂಡು, ಅದನ್ನೇ ರೊಟ್ಟಿಯ ಜೊತೆ ಕಡಿದು ತಿಂದ. ಮಂದಿ ನಕ್ಕರು. ಸಮಾಧಿಯ ಸೀನಿಗೆ ತಂದ ಮಾಲೆಯನ್ನು ಆಡು ತಿನ್ನುತ್ತಿತ್ತು, ಮಾಮಾ ಅದರ ಹಿಂದೆ ಓಡಿದ. ಕಣ್ಣೀರಿಗೆಂದು ತಂದ ಕರವಸ್ತ್ರಗಳನ್ನು ಮಂದಿ ಬಾಯಿಗೆ ಒತ್ತಿಕೊಂಡರು. ಕ್ಯಾಮೆರಾ ಎಂದರೆ ತವರಿಗೆ ಹೊರಡುವ ಅತ್ತೆ ಪ್ರತಿ ಚೂರಿನಲ್ಲೂ ಇದ್ದಳು. ಬುತ್ತಿ ಬಿಚ್ಚುತ್ತ, ರೊಟ್ಟಿ ಹಂಚುತ್ತ, ಮಾಮಾನ ಬೆವರು ಸೆರಗಿನಿಂದ ಒರೆಸುತ್ತ, ನನಗೆ "ಆ ಕನ್ನಡಕ ತಗಿಯೋ, ಎಡವಿ ಬಿದ್ದೀ" ಎಂದು ಬೈಯುತ್ತ.

ಮಾಮಾ ಮಾತ್ರ ನಗಲಿಲ್ಲ. ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ಮುಷ್ಟಿ ಬಿಗಿದುಕೊಂಡು ಕೂತಿದ್ದ. ಮುಗಿಯಿತು. ಮಾಮಾನ ಕೊನೆಯ ಸಿನಿಮಾವನ್ನು ನಾನು ಕೈಯಾರೆ ಕೊಂದಿದ್ದೆ. ಬೈಕಿನ ಕೀಲಿಯನ್ನು ಜೇಬಿಗೆ ಹಾಕಿ ಅಲ್ಲೇ ನಿಂತೆ.

ಮಂದಿ ಹೋದ ಮೇಲೆ ಚಾದರ ಮಡಿಚಲು ಕರೆದ. ಒಂದು ತುದಿ ಆತ, ಇನ್ನೊಂದು ತುದಿ ನಾನು.

"ಮಾಮಾ, ತಪ್ಪಾತು. ಎಲ್ಲಾ ಉಲ್ಟಾ ರೆಕಾರ್ಡ್ ಆಗೇತಿ."

"ಅದು ಮೊದಲನೇ ಮುಷ್ಟಿಗೇ ತಿಳೀತು. ನಗಲಿ ಬಿಡು ಮಂದಿ. ಎಲ್ಲಾರೂ ಉಂಡಾರ, ನೋಡಿದ್ಯಾ? ನಂಬೂವಂಥಾ ಪಿಕ್ಚರ್." ಒಳಗೆ ಅತ್ತೆ ಪಾತ್ರೆ ತೊಳೆಯುವ ಸಪ್ಪಳ ಬರುತ್ತಿತ್ತು. ಮಾಮಾ ದನಿ ತಗ್ಗಿಸಿದ. "ನಾ ಕಡೀತನಕ ಒಂದ ಹುಡಕಿದ್ನಿ. ನಿಮ್ಮತ್ತಿ ಎಲ್ಲಾರಿಗೂ ನೀಡ್ಯಾಳ. ಆಕಿ ಉಣ್ಣೂದು ಎಲ್ಯೂ ಇಲ್ಲ. ಇಡೀ ದಿನದಾಗ ಒಂದು ತುತ್ತ ಇಲ್ಲಲೇ. ನಾ ಅಲ್ಲೇ ನಿಂತಿದ್ನಿ, ನನಗ ಕಾಣಲಿಲ್ಲ."

ಮಡಿಚಿದ ಚಾದರವನ್ನು ನನ್ನ ಕೈಗಿಟ್ಟ.

"ಮುಂದಿನ ಪಿಕ್ಚರಿನ ಮೊದಲನೇ ಶಾಟ್, ಆಕಿ ಕುಂತು ಊಟ ಮಾಡೂದು. ನೀಡಾಂವ ನಾ. ತವರಿಗೆ ಹೋಗ್ತೇನಿ ಅಂದ್ರ ಉಂಡ ಹೋಗು ಅಂತೇನಿ. ನೀ ಮಾತ್ರ ಆ ಕನ್ನಡಕ ಮನ್ಯಾಗ ಇಟ್ಟ ಬಾ."