ನೇಜಿ ಪಟ್ಟಿಯ ನಾಲ್ಕು ಹೆಸರು

ಅಥವಾ ಆ ಮಾತನ್ನು ಮೊದಲು ಆಡಿದವನು ನಾನೇ ಇರಬಹುದು. ‘ಬೆಳೆದವನನ್ನು ತರುವುದಕ್ಕಿಂತ ತಂದವನನ್ನು ಬೆಳೆಸುವುದು ಲೇಸು’ ಎಂಬ ಮಾತು. ನನ್ನ ನೆನಪಿನಲ್ಲಿ ಅದನ್ನು ಹೇಳುವವನು ಗೆಳೆಯ ಹಮೀದ್. ಕುವೈತಿನ ಖೈತಾನಿನಲ್ಲಿರುವ ಅವನ ಮನೆಯ ಸೋಫಾದ ಮೇಲೆ ಕಾಲು ಮಡಚಿ ಕೂತು, ಗೋಳಿಬಜೆಯನ್ನು ಚಟ್ನಿಗೆ ಅದ್ದುತ್ತ ಹೇಳುತ್ತಾನೆ. ಮೈಮೇಲೆ ನೀಲಿ ಅಂಗಿ ಇದೆ. ಆದರೆ ಆ ಅಂಗಿಯನ್ನು ಅವನಿಗೆ ಕೊಟ್ಟವನು ನಾನು, ಅದೂ ಎಷ್ಟೋ ತಿಂಗಳ ಮೇಲೆ, ಕ್ರಿಸ್ಮಸ್ಸಿಗೆ. ಹಾಗಾದರೆ ಅಂಗಿ ಸುಳ್ಳು. ಅಂಗಿ ಸುಳ್ಳಾದ ಮೇಲೆ ಅದರೊಳಗಿನ ಹಮೀದ್ ಎಷ್ಟು ನಿಜ? ಬಜೆ ನಿಜವೆಂದು ತೋರುತ್ತದೆ, ನಾಲಿಗೆ ಸುಟ್ಟದ್ದು ನೆನಪಿದೆ. ಇಷ್ಟರಿಂದ ಮಾತು ನನ್ನದೆಂದು ಹಕ್ಕು ಸಾಧಿಸಲು ಬರುವುದಿಲ್ಲ, ಗೊತ್ತು. ಆದರೆ ಹೊಟ್ಟೆಕಿಚ್ಚಿನವನಿಗೆ ಬಾಗಿಲು ಬೇಕಾಗಿಲ್ಲ, ಸಂದು ಸಾಕು.

ವಿಷಯ ಬೇಸ್‌ಬಾಲ್. ಕುವೈತಿಗೆ ಹೊಟ್ಟೆಪಾಡಿಗೆ ಬಂದ ಮಂಗಳೂರು ಕಡೆಯವರಿಗೆ ಈ ಆಟ ಎಲ್ಲಿಂದ ಗಂಟುಬಿತ್ತು ಎಂದರೆ, ನಮ್ಮ ಕಚೇರಿಯಲ್ಲಿದ್ದ ಡೇವ್ ಎಂಬ ಅಮೆರಿಕದ ಎಂಜಿನಿಯರಿನಿಂದ. ಕ್ರಿಕೆಟ್ ಮೈದಾನಗಳಿಗೆ ಆರು ತಿಂಗಳ ಸರದಿ ಇದ್ದ ಕಾಲ. ಸಮುದ್ರದ ಕಡೆ ಖಾಲಿ ಬಿದ್ದಿದ್ದ ಮರಳಿನ ಜಾಗದಲ್ಲಿ ಅವನು ನಮಗೆ ಈ ಆಟ ಕಲಿಸಿದ. ಬೇರೆ ದೇಶಕ್ಕೆ ವರ್ಗವಾದಾಗ ಎರಡು ಚೀಲ ಬ್ಯಾಟು, ಗ್ಲೌಸು ಮತ್ತು ಕೈಬರಹದ ನಿಯಮಗಳನ್ನು ಬಿಟ್ಟುಹೋದ. ಶುಕ್ರವಾರ ನಮಗೆ ಚರ್ಚು, ಹಮೀದನವರಿಗೆ ಜುಮ್ಮಾ. ಆದ್ದರಿಂದ ಶನಿವಾರ ಬೆಳಿಗ್ಗೆ ಆಟ. ನಾಲ್ಕು ತಂಡ, ಗಂಡಸರು ಹೆಂಗಸರು ಎಂಬ ಭೇದವಿಲ್ಲ. ಅಬು ಹಲೀಫಾದ ತಂಡಕ್ಕೆ ನಾನು ಯಜಮಾನ, ಖೈತಾನಿನದಕ್ಕೆ ಹಮೀದ್.

ಡೇವ್‌ನ ನಿಯಮಗಳಲ್ಲಿ ಒಂದು ವಿಚಿತ್ರ ನಿಯಮವಿತ್ತು. ಪ್ರತಿ ತಂಡವೂ ಆಡುವವರಲ್ಲದೆ ಇನ್ನೂ ಹತ್ತು ಜನರ ಪಟ್ಟಿ ಇಟ್ಟುಕೊಳ್ಳಬೇಕು. ಅವರಿಗೆ ಆಟ ಬರಬೇಕಾಗಿಲ್ಲ, ಮುಂದೆ ಬರಬಹುದು ಅಷ್ಟೆ. ಅಲ್ಲಿಯವರೆಗೆ ಅವರು ನಿಮ್ಮವರು, ಬೇರೆಯವರು ಮುಟ್ಟುವಂತಿಲ್ಲ. ಅವನ ದೇಶದ ದೊಡ್ಡ ತಂಡಗಳು ಸಣ್ಣ ಸಣ್ಣ ಊರುಗಳಲ್ಲಿ ಮರಿತಂಡಗಳನ್ನು ಸಾಕಿ, ಹುಡುಗರನ್ನು ಐದಾರು ವರ್ಷ ಕಾದು ಬೆಳೆಸುತ್ತವಂತೆ. ಅರ್ಧಕ್ಕರ್ಧ ಜನ ಏನೂ ಆಗದೆ ಮನೆಗೆ ಹೋಗುತ್ತಾರಂತೆ. ಆದರೂ ಬೆಳೆಸುತ್ತಾರಂತೆ. ಹಮೀದ್ ಇದನ್ನು ಕೇಳಿದವನೇ, “ಹೋ, ಇದು ನಮ್ಮ ಭತ್ತದ ನೇಜಿ ಅಲ್ವಾ ಮಾರಾಯಾ! ಮೊದಲು ಒಂದು ಮೂಲೆಯಲ್ಲಿ ಬಿತ್ತುದು, ಮತ್ತೆ ಕಿತ್ತು ಗದ್ದೆಗೆ ನೆಡುದು” ಎಂದ. ಅಂದಿನಿಂದ ಅದು ನೇಜಿ ಪಟ್ಟಿ. ಈ ಹೆಸರು ಕೊಟ್ಟವನು ಹಮೀದನೇ. ಇದರಲ್ಲಿ ನನಗೆ ಅನುಮಾನವಿಲ್ಲ, ಬೇಕಾದಷ್ಟು ದುಃಖವಿದೆ.

ನನಗೆ ಕಾಯುವುದು ಆಗುವುದಿಲ್ಲ. ಸಮರ್ಥನೆಯೂ ಸಿದ್ಧವಿದೆ. ಈ ದೇಶದಲ್ಲಿ ನನ್ನ ಬದುಕು ಇಕಾಮಾದಿಂದ ಇಕಾಮಾಕ್ಕೆ, ಅಂದರೆ ಒಂದು ವಾಸದ ಪರವಾನಗಿಯಿಂದ ಇನ್ನೊಂದಕ್ಕೆ. ‘ಬರುವ ವರ್ಷ ಊರಿಗೆ’ ಎನ್ನುತ್ತ ಇಪ್ಪತ್ತೆರಡು ವರ್ಷವಾಯಿತು. ಬರುವ ವರ್ಷ ಹೋಗುವವನು ಏನು ಬಿತ್ತಿಯಾನು? ನನ್ನ ಮನೆಯ ಮಂಚ, ಕಪಾಟು, ಫ್ರಿಜ್ಜು ಎಲ್ಲವೂ ಊರಿಗೆ ಹೊರಟವರು ಬಿಟ್ಟುಹೋದವು. ಪರದೆಗಳು ಇನ್ಯಾರದೋ ಕಿಟಕಿಯ ಅಳತೆಯವು, ನಮ್ಮ ಕಿಟಕಿಗೆ ಒಂದು ಗೇಣು ಗಿಡ್ಡ. ಹಮೀದನೂ ನನ್ನ ಹಾಗೆಯೇ ಇಕಾಮಾದವನು. ಆದರೆ ಅವನು ಬಾಲ್ಕನಿಯಲ್ಲಿ ತುಪ್ಪದ ಡಬ್ಬಕ್ಕೆ ಮಣ್ಣು ತುಂಬಿ ಕರಿಬೇವು ನೆಟ್ಟ. ಮೂರು ಬೇಸಿಗೆಯಲ್ಲಿ ಮೂರು ಸಲ ಸುಟ್ಟುಹೋಯಿತು. ನಾಲ್ಕನೆಯ ಸಲ ಚಿಗುರಿತು. ಈಗ ನನ್ನ ಹೆಂಡತಿ ಜೆಸ್ಸಿ ಒಗ್ಗರಣೆಗೆ ಅವನ ಮನೆಯ ಎಲೆ ತರುತ್ತಾಳೆ. ಆ ಸಾರನ್ನು ನಾನು ಉಣ್ಣುವಾಗ ಅದಕ್ಕೆ ಹಮೀದನ ರುಚಿ ಇರುತ್ತದೆ.

ನೇಜಿ ಪಟ್ಟಿಗೂ ನಾನು ಎಲ್ಲ ಸರಕಾರಿ ಫಾರಂಗಳಿಗೂ ಮಾಡುವುದನ್ನೇ ಮಾಡಿದೆ. ಹತ್ತು ಹೆಸರು ಬೇಕಲ್ಲವೇ, ಹತ್ತು ತುಂಬಿದೆ. ಜೆಸ್ಸಿ. ಹದಿನಾರರ ಮಗಳು ರೆನಿಟಾ. ನಮ್ಮ ಕಟ್ಟಡದ ಕಾವಲು ನೋಡುವ ಈಜಿಪ್ಟಿನ ಹಾರಿಸ್. ವೀಸಾ ರದ್ದಾಗಿ ಊರಿಗೆ ಹೋಗಿಬಿಟ್ಟಿದ್ದ ಒಬ್ಬ ಸಹೋದ್ಯೋಗಿ. ಹೀಗೆ. ಬರೆದು ಮರೆತೆ.

ಆಗಲೇ ಲ್ಯಾನ್ಸಿಯ ಸುದ್ದಿ ಬಂದದ್ದು. ಊರಿನಲ್ಲಿ ಒಂದು ಕಾಲಕ್ಕೆ ಕ್ರಿಕೆಟ್ಟಿನಲ್ಲಿ ಹೆಸರು ಮಾಡಿದ ಲ್ಯಾನ್ಸಿ ಖೈತಾನಿಗೆ ಬಂದು, ಹಮೀದನ ತಂಡ ಸೇರಿದ್ದ. ಪಳಗಿದ ಕೈ, ತೆಂಗಿನ ಕಾಂಡದಂಥ ತೋಳು. ನನಗೆ ಅವನು ಬೇಕಾದ. ಇಲ್ಲಿ ಕೆಲಸಕ್ಕಿಟ್ಟುಕೊಂಡು ವೀಸಾ ಕೊಡಿಸುವ ಒಬ್ಬ ಕಫೀಲನಿಂದ ಇನ್ನೊಬ್ಬನ ಕಡೆಗೆ ಹೋಗಲು ‘ರಿಲೀಸ್’ ಬೇಕಲ್ಲ, ನಮ್ಮ ಆಟದಲ್ಲೂ ಅದೇ ಪದ. ಹಮೀದನಿಗೆ ಫೋನು ಮಾಡಿದೆ.

“ಲ್ಯಾನ್ಸಿಗೆ ರಿಲೀಸ್ ಕೊಡ್ತೀಯಾ?”

“ಕೊಡುವ. ಎಂತ ಕೊಡ್ತೀ ಪೊರ್ಬುಗಳೇ?” ಕ್ರೈಸ್ತರಿಗೆ ತುಳುವಿನಲ್ಲಿರುವ ಈ ಹೆಸರಿನಿಂದ ಅವನು ನನ್ನನ್ನು ಕರೆದರೆ ಒಳ್ಳೆಯ ಮೂಡಿನಲ್ಲಿದ್ದಾನೆಂದು ಅರ್ಥ.

“ನೇಜಿ ಪಟ್ಟಿಯಿಂದ ನಾಲ್ಕು ಜನ. ಮೊದಲಿನ ನಾಲ್ಕು.”

“ಯಾರೆಲ್ಲ ಅಂತ ನೋಡಿದ್ಯಾ?”

“ನೋಡ್ಲಿಕ್ಕೆ ಎಂತ ಉಂಟು? ಬರೀ ಹೆಸರು.”

ಅತ್ತ ಕಡೆ ಅವನು ಒಮ್ಮೆ ಕೆಮ್ಮಿದ. ಆಮೇಲೆ, “ಖಲಾಸ್. ಮತ್ತೆ ಮಾತು ತಿರುಗಿಸ್ಬೇಡ” ಎಂದ. ಆ ಕೆಮ್ಮಿನ ಮರೆಯಲ್ಲಿ ಅವನು ನಕ್ಕನೋ, ನನಗೆ ಇನ್ನೊಂದು ಅವಕಾಶ ಕೊಟ್ಟನೋ? ನಕ್ಕ ಎಂದು ಇಟ್ಟುಕೊಂಡರೆ ನನಗೆ ಅನುಕೂಲ.

ಮುಂದಿನ ಶನಿವಾರ ಬೆಳಿಗ್ಗೆ ಆರೂವರೆಗೆ ಏಳುತ್ತೇನೆ, ಜೆಸ್ಸಿ ಶೂ ಲೇಸು ಕಟ್ಟುತ್ತಿದ್ದಾಳೆ. ರೆನಿಟಾ ಕೂದಲು ಬಿಗಿದು ಟೋಪಿ ಹಾಕಿದ್ದಾಳೆ. ಕೆಳಗೆ ಕಾರಿನ ಪಕ್ಕ ಹಾರಿಸ್ ತನ್ನ ಉದ್ದ ಜುಬ್ಬ ಬಿಟ್ಟು ಪ್ಯಾಂಟು ತೊಟ್ಟು ನಿಂತಿದ್ದಾನೆ.

“ಎಲ್ಲಿಗೆ?”

“ಖೈತಾನಿಗೆ. ಹಮೀದ್ ಭಾಯಿ ಪ್ರಾಕ್ಟೀಸಿಗೆ ಕರೆದಿದ್ದಾರೆ. ನಾವು ಈಗ ಅವರ ಕಡೆಯವರಂತೆ” ಎಂದಳು ಜೆಸ್ಸಿ. ಅವಳು ಹೇಳಿದ್ದು ಕೊಂಕಣಿಯಲ್ಲಿ, ಕನ್ನಡಕ್ಕೆ ತರುವಾಗ ಖಾರ ಕಡಿಮೆಯಾಗುತ್ತದೆ. “ನನ್ನನ್ನು ಕೊಟ್ಟೆಯಾ, ಆಗಲಿ. ಯಾರಿಗೋಸ್ಕರ ಕೊಟ್ಟೆ?”

“ಲ್ಯಾನ್ಸಿಗೆ.”

“ಬರೀ ಲ್ಯಾನ್ಸಿಗಾ? ಅದೂ ನಾಲ್ಕು ಜನ ಸೇರಿ?”

ಕೊಟ್ಟದ್ದಕ್ಕಿಂತ ಕಟ್ಟಿದ ಬೆಲೆಯೇ ಅವಳನ್ನು ಹೆಚ್ಚು ನೋಯಿಸಿತು. ಕಾರು ಹೊರಟಿತು. ನಾನು ಗಿಡ್ಡ ಪರದೆಯ ಕೆಳಗಿನ ಸಂದಿಯಲ್ಲಿ ನೋಡುತ್ತ ನಿಂತೆ. ಹೆಂಡತಿ, ಮಗಳು, ಕಾವಲುಗಾರ, ಮೂವರೂ ಶತ್ರುಪಾಳಯಕ್ಕೆ ನನ್ನದೇ ಕಾರಿನಲ್ಲಿ ಹೋದರು.

ಚಳಿಗಾಲವಿಡೀ ಹೀಗೆ. ಜೆಸ್ಸಿಗೆ ಆಸ್ಪತ್ರೆಯ ಚಾರ್ಟು ಬರೆದು ಅಭ್ಯಾಸವಿದ್ದುದರಿಂದ ಅಂಕ ಬರೆಯುವ ಕೆಲಸ ಸಿಕ್ಕಿತು. ಹಾರಿಸ್ ಬ್ಯಾಟಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಆದ. ಇಡೀ ದಿನ ಬಾಗಿಲ ಬಳಿ ಕೂತೇ ಇದ್ದವನಿಗೆ ಕೂರುವುದರಲ್ಲಿ ಆಯಾಸವೇ ಇರಲಿಲ್ಲ. ಇವೆಲ್ಲ ನುಂಗಬಹುದಿತ್ತು. ನುಂಗಲಾಗದ್ದು ರೆನಿಟಾ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೂ ಕೊಂಕಣಿಯಲ್ಲಿ ಕೇಳಿದ್ದಕ್ಕೂ ‘ಫೈನ್’ ಎಂಬ ಒಂದೇ ಉತ್ತರ. ಒಂದು ಶನಿವಾರ ತರಕಾರಿಯ ನೆಪ ಮಾಡಿ ಬಸ್ಸಿನಲ್ಲಿ ಖೈತಾನಿಗೆ ಹೋದೆ. ಹಮೀದನ ಬಿಡಿಭಾಗಗಳ ಅಂಗಡಿಯ ಹಿಂದಿನ ಗೋಡೆಗೆ ಸುಣ್ಣದಲ್ಲಿ ಒಂದು ಚೌಕ ಬರೆದಿತ್ತು. ನನ್ನ ಮಗಳು ಅದಕ್ಕೆ ಚೆಂಡು ಎಸೆಯುತ್ತಿದ್ದಳು. ಎಸೆದು, ಪಕ್ಕದಲ್ಲಿದ್ದ ಹಮೀದನಿಗೆ, “ಕಾಕ, ಇದು ಹೊರಗೆ ಹೋಯ್ತಾ? ಇಲ್ಲ ಅಲ್ವಾ? ಸರೀ ನೋಡಿ ಮಾರಾಯ್ರೇ!” ಎಂದಳು.

ಮಾರಾಯ್ರೇ! ನನ್ನ ಮಗಳ ಬಾಯಲ್ಲಿ ಆ ಪದ ಇತ್ತೆಂದು ನನಗೆ ಗೊತ್ತಿರಲಿಲ್ಲ. ನಾನು ಅಲ್ಲಿ ನಿಂತಿದ್ದ ಒಂದು ಲಾರಿಯ ಹಿಂದೆ ಸರಿದು, ಎರಡು ಕಟ್ಟು ಕೊತ್ತಂಬರಿ ಹಿಡಿದು ನಿಂತೆ. ಪರರ ಹಿತ್ತಿಲಲ್ಲಿ ನಮ್ಮ ಮನೆಯ ಬಳ್ಳಿ ಹೂಬಿಟ್ಟರೆ ಸಂತೋಷಪಡಬೇಕೆಂದು ಯಾರಾದರೂ ಹೇಳಿದರೆ, ಅವರಿಗೆ ಬಳ್ಳಿಯೂ ಇಲ್ಲ, ಹಿತ್ತಿಲೂ ಇಲ್ಲ.

ಅವಳನ್ನು ಹಿಂದಕ್ಕೆ ತರಬೇಕು. ಬೇರೇನೂ ನನಗೆ ಬೇಕಾಗಿರಲಿಲ್ಲ, ಕಪ್ ಕೂಡ. ಆದರೆ ಅವಳನ್ನು ಕೇಳುವ ಮೊದಲು ಫೈನಲಿನಲ್ಲಿ ಹಮೀದನನ್ನು ಸೋಲಿಸಿದರೆ, ಗೆದ್ದ ತಂಡಕ್ಕೆ ಅವಳೇ ಬಂದಾಳು ಎಂದು ಲೆಕ್ಕ ಹಾಕಿದೆ. ಲ್ಯಾನ್ಸಿ ಇದ್ದನಲ್ಲ.

ಲ್ಯಾನ್ಸಿಯ ಕಷ್ಟವೇನೆಂದರೆ ಅವನಿಗೆ ಆಟ ಬರುತ್ತಿತ್ತು, ಬೇರೆ ಆಟ. ಅವನ ಅತ್ಯುತ್ತಮ ಹೊಡೆತ ಲೇಟ್ ಕಟ್. ಮಣಿಕಟ್ಟು ಒಂದಿಷ್ಟು ತಿರುಗಿಸಿದರೆ ಚೆಂಡು ಬೆಣ್ಣೆಯಂತೆ ಹಿಂದಕ್ಕೆ ಜಾರುತ್ತದೆ. ಬೇಸ್‌ಬಾಲಿನಲ್ಲಿ ಹಿಂದಕ್ಕೆ ಹೋದದ್ದೆಲ್ಲ ಫೌಲ್, ಲೆಕ್ಕಕ್ಕಿಲ್ಲ. ಇಪ್ಪತ್ತು ವರ್ಷ ತಪಸ್ಸು ಮಾಡಿ ಕಲಿತದ್ದೆಲ್ಲ ಗೆರೆಯ ಆ ಬದಿ. ಫೈನಲಿನ ಕೊನೆಯ ಸರದಿಯಲ್ಲಿ ನಮಗೆ ಒಂದು ಓಟ ಬೇಕು, ಮೂರನೆಯ ಬೇಸಿನಲ್ಲಿ ನಮ್ಮವನೊಬ್ಬ ಕಾದಿದ್ದಾನೆ, ಇಬ್ಬರು ಔಟಾಗಿದ್ದಾರೆ. ಲ್ಯಾನ್ಸಿ ನಿಂತ. ರೆನಿಟಾ ಎಸೆದಳು. ಮೊದಲನೆಯದು ಅಂದವಾದ ಕಟ್, ಫೌಲ್. ಎರಡನೆಯದು ಇನ್ನೂ ಅಂದ, ಫೌಲ್. ನಾನು, “ಮುಂದೆ ಹೊಡಿ ಮಾರಾಯಾ, ಮುಂದೆ!” ಎಂದು ಕಿರುಚಿದೆ. ಮೂರನೆಯದನ್ನು ಅವನು ಮುಂದಕ್ಕೇ ಹೊಡೆದ. ಚೆಂಡು ರೆನಿಟಾಳನ್ನು ದಾಟಿ ಹೋಯಿತು. ಅವಳು ತಿರುಗಿ ಅಟ್ಟಿಸಿಕೊಂಡು ಹೋದಳು. ಲ್ಯಾನ್ಸಿ ಓಡಿದ, ಬ್ಯಾಟು ಹಿಡಿದುಕೊಂಡೇ ಓಡಿದ. ಸಮಯ ಧಾರಾಳವಿತ್ತು. ಕಾಲಿನಿಂದ ಮೊದಲನೆಯ ಬೇಸನ್ನು ಒಂದು ಸಲ ಮುಟ್ಟಿದ್ದರೆ ಸಾಕಿತ್ತು, ಮೂರನೆಯ ಬೇಸಿನವನ ಓಟ ಲೆಕ್ಕಕ್ಕೆ ಬರುತ್ತಿತ್ತು. ಆದರೆ ಲ್ಯಾನ್ಸಿ ಒಂದು ಮಾರು ಹಿಂದೆಯೇ ನಿಧಾನಿಸಿ, ಸೊಂಟ ಬಾಗಿಸಿ, ಗೌರವಸ್ಥ ಬ್ಯಾಟ್ಸ್‌ಮನ್ನಿನ ಹಾಗೆ ಬ್ಯಾಟನ್ನು ಮರಳಿನ ಮೇಲೆ ಜಾರಿಸಿ ಬೇಸಿಗೆ ತಾಗಿಸಿ ನಿಂತ. ರೆನಿಟಾ ಎಸೆದ ಚೆಂಡು ಬೇಸಿನ ಮೇಲೆ ಕಾಲಿಟ್ಟು ನಿಂತಿದ್ದ ಹಮೀದನ ಕೈಸೇರಿತು.

“ಔಟ್!” ಎಂದು ಖೈತಾನಿನವರೆಲ್ಲ ಕೂಗಿದರು.

“ಎಂಥ ಔಟ್? ಬ್ಯಾಟ್ ಒಳಗೆ ಉಂಟಲ್ಲ!” ಎಂದ ಲ್ಯಾನ್ಸಿ.

“ಬ್ಯಾಟ್ ಒಳಗೆ ಉಂಟು ಲ್ಯಾನ್ಸಿ ಭಾಯಿ, ಜನ ಹೊರಗೆ” ಎಂದ ಹಮೀದ್.

ನನ್ನ ಹೆಂಡತಿ ಅದನ್ನು ಬರೆದುಕೊಂಡಳು. ಹಾರಿಸ್ ರೆನಿಟಾಳನ್ನು ಹೆಗಲ ಮೇಲೆ ಎತ್ತಿದ. ಹಮೀದ್ ನನ್ನ ಬಳಿ ಬಂದು ಮರಳು ಮೆತ್ತಿದ ಕೈಯನ್ನು ನನ್ನ ಬೆನ್ನಿಗೆ ಒರೆಸಿ, “ನಮ್ಮ ಹುಡುಗಿ ಹೇಗೆ ಬಿಸಾಡಿದ್ಲು, ಕಂಡ್ಯಾ?” ಎಂದ. ‘ನಮ್ಮ’ ಎಂಬುದರಲ್ಲಿ ಅವನು ನನ್ನನ್ನೂ ಸೇರಿಸಿರಬಹುದು. ಆ ಹೊತ್ತಿಗೆ ನನಗೆ ಹಾಗೆ ಕೇಳಿಸಲಿಲ್ಲ.

“ಅವಳಿಗೆ ರಿಲೀಸ್ ಕೊಡು. ಲ್ಯಾನ್ಸಿಯನ್ನು ವಾಪಸ್ ತಕೋ. ಬೇಕಾದರೆ ನನ್ನ ನೇಜಿ ಪಟ್ಟಿ ಇಡೀ ತಕೋ.”

“ನಾನು ಕೊಡ್ಲಿಕ್ಕೆ ರೆಡಿ. ಅವಳ ಹತ್ರ ಕೇಳಿದ್ಯಾ?”

ಕೇಳಿರಲಿಲ್ಲ. ಕೊಡುವಾಗಲೂ ಕೇಳಿರಲಿಲ್ಲ. ಕಾರಿನಲ್ಲಿ ಕೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತ, ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು: “ನಿನ್ನ ಟೀಮಲ್ಲಿ ಫಸ್ಟ್ ಡೇನೇ ಗುಡ್ ಆಗಿರ್ಬೇಕು ಪಪ್ಪ. ಅಲ್ಲಿ ನಾನು ತ್ರೀ ಮಂತ್ಸ್ ಬ್ಯಾಡ್ ಇದ್ದೆ. ಕಾಕ ಎವ್ರಿ ಸ್ಯಾಟರ್ಡೇ ಬಂದು ನೋಡ್ತಿದ್ರು.” ಆಮೇಲೆ ಮೆಲ್ಲಗೆ, “ಸಾರಿ” ಎಂದಳು. ನಾನು ‘ಫೈನ್’ ಎಂದೆ.

ಸೋತ ಮೇಲೆ ಅಬು ಹಲೀಫಾದವರು ಸಭೆ ಸೇರಿ ಲ್ಯಾನ್ಸಿಯನ್ನೇ ಯಜಮಾನನನ್ನಾಗಿ ಮಾಡಿದರು. ಅನುಭವ ಇರುವವನು ಬೇಕು ಎಂಬುದು ಕಾರಣ. ಅವನು ಹೊಸ ಪಟ್ಟಿ ಮಾಡಿದಾಗ ನನ್ನ ಹೆಸರು ಆಡುವವರಲ್ಲೂ ಇರಲಿಲ್ಲ, ನೇಜಿಯಲ್ಲೂ ಇರಲಿಲ್ಲ. ಐವತ್ತೊಂದು ವರ್ಷದ ನೇಜಿಯನ್ನು ಯಾರು ನೆಡುತ್ತಾರೆ? ಒಂದು ವಾರ ಕಳೆದು ಖೈತಾನಿನ ಪಟ್ಟಿ ಗುಂಪಿನ ವಾಟ್ಸಾಪಿಗೆ ಬಂತು. ನೇಜಿ ಹತ್ತು ಜನ. ಒಂಬತ್ತು ಹೆಸರು ನನಗೆ ಗೊತ್ತಿಲ್ಲದವು. ಹತ್ತನೆಯದು ಫೆಲಿಕ್ಸ್. ಫೆಲಿಕ್ಸ್ ಎಂದರೆ ನಾನು.

ಈಗ ಶನಿವಾರ ಬೆಳಿಗ್ಗೆ ನಾವು ನಾಲ್ವರೂ ಒಂದೇ ಕಾರಿನಲ್ಲಿ ಹೋಗುತ್ತೇವೆ. ಜೆಸ್ಸಿ ಓಡಿಸುತ್ತಾಳೆ, ಹಾರಿಸ್ ಮುಂದಿನ ಸೀಟಿನಲ್ಲಿ, ಆಡುವವನಲ್ಲವೇ. ನಾನು ಹಿಂದೆ. ಅವನು ಮೈದಾನಕ್ಕೆ ಹೋಗುತ್ತಾನೆ, ನಾನು ಅಂಗಡಿಯ ಹಿಂದಿನ ಸುಣ್ಣದ ಚೌಕದ ಗೋಡೆಗೆ. ಅವನಿಗೆ ಸಿಕ್ಕ ಹೊಸ ಗ್ಲೌಸನ್ನು ನೋಡಿದರೆ ನನ್ನ ಹೊಟ್ಟೆಯಲ್ಲಿ ಹಳೆಯ ಒಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಹಮೀದ್ ಒಂದು ಸಲ ಬಂದು ನೋಡಿ, ನಗದೆ ಹೋಗುತ್ತಾನೆ. ಅದು ನಕ್ಕದ್ದಕ್ಕಿಂತ ಕಷ್ಟ. ರೆನಿಟಾ ಪಕ್ಕದಲ್ಲಿ ನಿಂತು, “ಮೊಣಕೈ ಮೇಲೆ ಪಪ್ಪ, ಮೇಲೆ! ಎಂಥ ಮಾರಾಯ್ರೇ ನೀವು!” ಎನ್ನುತ್ತಾಳೆ. ಚೌಕದೊಳಗೆ ಇದುವರೆಗೆ ಬಿದ್ದದ್ದು ಕಡಿಮೆ.

ನನ್ನ ಹೆಸರು ಸೇರಿಸಿದ್ದು ಅವಳೋ ಹಮೀದನೋ, ಪ್ರೀತಿಯಿಂದಲೋ, ಹತ್ತು ತುಂಬಲು ಒಂದು ಕಡಿಮೆ ಬಿತ್ತೆಂದೋ, ನಾನು ಕೇಳಿಲ್ಲ. ಏನೂ ಆಗದ ನೇಜಿಯನ್ನು ಎಷ್ಟು ವರ್ಷ ಇಟ್ಟುಕೊಳ್ಳಬಹುದು ಎಂಬುದನ್ನು ಡೇವ್ ಬರೆದಿಟ್ಟಿಲ್ಲ. ನನಗೂ ಗೊತ್ತಿಲ್ಲ.