ಒಂದೂವರೆ ಇಂಚಿನ ಅನುಮಾನ

ತೊಂದರೆ ಶುರುವಾದದ್ದು ಒಂದೂವರೆ ಇಂಚಿನಿಂದ.

ನೀರು ಸರಬರಾಜು ಕಚೇರಿಯ ಬಿಲ್ ಗುಮಾಸ್ತ ತನ್ನ ಹೊಸ ಮೌಂಟನ್ ಬೈಕನ್ನು ಮೆಟ್ಟಿಲ ಪಕ್ಕ ಒರಗಿಸಿದ್ದನಷ್ಟೆ. ನಕ್ಷೆ ವಿಭಾಗದ ಟೇಪಣ್ಣ ಕುಕ್ಕರಗಾಲಲ್ಲಿ ಕೂತು ಎರಡೂ ಗಾಲಿ ಅಳೆದ. ಕಣ್ಣಿಗೆ ಬಿದ್ದದ್ದನ್ನೆಲ್ಲ ಅಳೆಯುವುದು ಅವನ ಕಾಯಿಲೆ.

"ಲೋ, ಮುಂದಿಂದು ಇಪ್ಪತ್ತೊಂಬತ್ತು ಇಂಚು. ಹಿಂದಿಂದು ಇಪ್ಪತ್ತೇಳೂವರೆ. ಅಂಗಡಿಯವನು ಚೆನ್ನಾಗಿ ಟೋಪಿ ಹಾಕಿದಾನೆ ನಿಂಗೆ!"

ಬೇರೆ ದಿನವಾಗಿದ್ದರೆ ಗುಮಾಸ್ತ ಸಹಿಸುತ್ತಿದ್ದನೇನೋ. ಆದರೆ ಗುಡ್ಡದ ಮೇಲಿನ ಜಲಾಶಯದಲ್ಲಿ ಕಾವಲಿನ ಹುದ್ದೆ ಖಾಲಿಯಾಗಿತ್ತು. ಒಂದು ಕೋಣೆ, ಒಂದು ಕಿಟಕಿ, ನೀರಿನ ಮಟ್ಟ ಬರೆಯಲು ಒಂದು ಪುಸ್ತಕ, ಮಾತಾಡಿಸಲು ನರಪಿಳ್ಳೆಯೂ ಇಲ್ಲ. ಹನ್ನೊಂದು ವರ್ಷ ಕೌಂಟರಿನಲ್ಲಿ ಬೈಗುಳ ತಿಂದವನಿಗೆ ಆ ಮೌನ ಕನಸಿನಲ್ಲೂ ಬರುತ್ತಿತ್ತು. ಅಂದೇ ಮಧ್ಯಾಹ್ನ ಮೂರಕ್ಕೆ ಪರೀಕ್ಷೆ: ಕಾಲುದಾರಿಯಲ್ಲಿ ಸೈಕಲ್ ಹತ್ತಿಸಿ, ಮಟ್ಟ ಬರೆದುಕೊಂಡು, ಮೊದಲು ಇಳಿದು ಬಂದವನಿಗೆ ಹುದ್ದೆ. ಎದುರಾಳಿ ಉಗ್ರಾಣದವನೊಬ್ಬನೇ; ಅವನ ಹಳೇ ಸೈಕಲ್ಲಿಗೆ ಎರಡೂ ಚಿಕ್ಕ ಗಾಲಿ.

ಟಪಾಲು ವಿಭಾಗದ ದೊಡ್ಡಕ್ಕ ಕಿಟಕಿಯಿಂದ ತಲೆ ಹೊರಹಾಕಿದರು. "ನಿನ್ನೆ ಸಂಜೆ ಉಗ್ರಾಣದವನು ನೀನು ಸೈಕಲ್ ತಗೊಂಡ ಅಂಗಡೀಲೇ ನಿಂತಿದ್ನಪ್ಪ. ನಾನೇನೂ ಹೇಳ್ತಿಲ್ಲ. ನೋಡಿದ್ದು ಹೇಳ್ದೆ."

ಉಗ್ರಾಣದವನೇ ಅಂಗಡಿಯವನಿಗೆ ಹೇಳಿ ಚಿಕ್ಕ ಗಾಲಿ ಹಾಕಿಸಿದ್ದಾನೆಂಬ ಅನುಮಾನ ಗುಮಾಸ್ತನ ತಲೆಗೆ ಕಪ್ಪೆಯಂತೆ ಹಾರಿ ಕೂತಿತು. ಅಷ್ಟರಲ್ಲಿ ಉಗ್ರಾಣದವನೇ ಎದುರಾಗಿ, "ಸೈಕಲ್ ಜೋರಾಗಿದೆ ಕಣಣ್ಣಾ" ಎಂದು ನಕ್ಕ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಊಟ ಬಿಟ್ಟು ಗುಮಾಸ್ತ ಟೇಪಣ್ಣನನ್ನು ಎಳೆದುಕೊಂಡು ಅಂಗಡಿಗೆ ಹೋದ.

"ಗುಡ್ಡದ ದಾರಿಗೆ ಅಂದ್ರಲ್ಲ ಸಾರ್, ಅದಕ್ಕೇ ಹೀಗೆ" ಎಂದ ಮೆಕಾನಿಕ್. "ಮುಂದೆ ದೊಡ್ಡ ಗಾಲಿ ಇದ್ರೆ ಕಲ್ಲು ಸಲೀಸಾಗಿ ಹತ್ತುತ್ತೆ. ಹಿಂದೆ ಚಿಕ್ಕದಿದ್ರೆ ಇಕ್ಕಟ್ಟಿನ ತಿರುವಲ್ಲಿ ಚಕ್ ಅಂತ ತಿರುಗುತ್ತೆ."

"ಈ ಪಾಠ ನಿಂಗೆ ಯಾರು ಹೇಳಿಕೊಟ್ರು?"

ಮೆಕಾನಿಕ್ ಅಷ್ಟರಲ್ಲಿ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದ; ಬರೀ 'ಊಂ ಊಂ' ಎಂದ. ಗುಮಾಸ್ತನಿಗೆ ಅದು ತಪ್ಪೊಪ್ಪಿಗೆಯಂತೆ ಕೇಳಿಸಿತು.

"ಎರಡೂ ದೊಡ್ಡದೇ ಹಾಕು. ನನ್ನ ಕಣ್ಣೆದುರಿಗೇ!"

ಹೊಸ ಗಾಲಿಯನ್ನು ಟೇಪಣ್ಣ ಮೂರು ಸಲ ಅಳೆದ. "ಈಗ ನೋಡು, ಮರ್ಯಾದಸ್ಥರ ಸೈಕಲ್ ಆಯ್ತು."

ಪರೀಕ್ಷೆಯಲ್ಲಿ ಗುಡ್ಡ ಹತ್ತುವಾಗ ನಿಜಕ್ಕೂ ಸೊಗಸಾಗಿತ್ತು. ಕಲ್ಲುಗಳು ಗಾಲಿಯಡಿ ಬಂದದ್ದೇ ತಿಳಿಯಲಿಲ್ಲ. ಗುಮಾಸ್ತನೇ ಮೊದಲು ಜಲಾಶಯ ಮುಟ್ಟಿ, ಮಟ್ಟ ಬರೆದುಕೊಂಡ. ಆ ಕೋಣೆಯ ಮುಂದೆ ಅರೆಗಳಿಗೆ ನಿಂತ. ಯಾರೂ ಏನೂ ಅನ್ನಲಿಲ್ಲ. ಅವನ ಕಣ್ಣು ತುಂಬಿತು.

ಇಳಿಯುವಾಗ ತಿರುವುಗಳು ಶುರುವಾದವು. ಸೈಕಲ್ಲು ಓಣಿಯಲ್ಲಿ ಸಿಕ್ಕಿಕೊಂಡ ಲಾರಿಯಂತೆ ಮಾಡಿತು. ಮೊದಲ ತಿರುವಿನಲ್ಲಿ ಮುಳ್ಳುಪೊದೆ, ಎರಡನೆಯದರಲ್ಲಿ ಚರಂಡಿ. ಮೂರನೆಯದರಲ್ಲಿ ಇಳಿದು ಸೈಕಲ್ಲನ್ನು ಎತ್ತಿ ತಿರುಗಿಸುತ್ತಿರುವಾಗ, "ಸ್ವಲ್ಪ ದಾರಿ ಬಿಡಣ್ಣಾ" ಎನ್ನುತ್ತ ಉಗ್ರಾಣದವನು ಮೇಕೆಯಂತೆ ನುಸುಳಿ ಹೋದ.

ಮಂಡಿ ತರಚಿಸಿಕೊಂಡು ಕಚೇರಿ ಸೇರಿದ ಗುಮಾಸ್ತ ಇಂಜಿನಿಯರ್ ಸಾಹೇಬರೆದುರು ಎಲ್ಲವನ್ನೂ ಕಾರಿಕೊಂಡ. "ಪಿತೂರಿ ಸಾರ್, ಇದೆಲ್ಲ ಪಿತೂರಿ!"

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕೇಳಿದರು, "ಅಂಗಡಿಯವನು ಸರಿಯಾದ್ದೇ ಕೊಟ್ಟಿದ್ದ. ಕಾರಣಾನೂ ಹೇಳಿದ. ಆದ್ರೂ ನಂಬಲಿಲ್ವಾ?"

"ಇಲ್ಲ ಸಾರ್."

"ಒಂಚೂರೂ?"

"ಒಂಚೂರೂ ಇಲ್ಲ ಸಾರ್."

ಸಾಹೇಬರ ಮುಖ ಅರಳಿತು. "ಆರು ವರ್ಷದಿಂದ ಇಂಥವರನ್ನೇ ಹುಡುಕ್ತಿದ್ದೆ ಕಣ್ರೀ! ನಾಳೆಯಿಂದ ದೂರು ವಿಭಾಗಕ್ಕೆ ನೀವೇ ಮುಖ್ಯಸ್ಥರು. ದಿನಕ್ಕೆ ಇನ್ನೂರು ಜನ ಬಂದು ಕೂಗಾಡ್ತಾರೆ. ಒಬ್ಬರನ್ನೂ ನಂಬಬೇಡಿ. ನಿವೃತ್ತಿವರೆಗೂ ನಿಮ್ಮನ್ನ ಅಲ್ಲಿಂದ ಅಲುಗಾಡಿಸಲ್ಲ."

ಗುಮಾಸ್ತ ಸಾಹೇಬರ ಮುಖವನ್ನು ಅನುಮಾನದಿಂದ ದಿಟ್ಟಿಸಿದ. ತಮಾಷೆಯ ಸುಳಿವೇ ಇರಲಿಲ್ಲ. ಬೆಳಗಿನಿಂದ ಅವನು ನಂಬಲೇಬೇಕಾಗಿ ಬಂದ ಮಾತು ಅದೊಂದೇ.