ಕಿಡಿ ತಾಗದಿರಲೆಂದು ಹರಿಹರಕ್ಕೆ ಹೋದ ಕಾರು

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನನ್ನ ಹೆಂಡತಿ ಆಶಾರಾಣಿಯ ಮಾತು ಮೀರಿದ್ದು ಮೂರೇ ಸಲ. ಇದು ಮೂರನೆಯ ಸಲದ ಕಥೆ. (ಮೊದಲೆರಡರ ಬಗ್ಗೆ ಬಾಯಿ ಬಿಡಕೂಡದೆಂದು ಆಕೆಯ ಅಪ್ಪಣೆಯಾಗಿದೆ.)

ನಾವು ಕಾರು ಕೊಂಡು ಹದಿನೇಳು ದಿನವಾಗಿತ್ತು. ಹಾಲಿನಂಥ ಬಿಳುಪು. ದಾವಣಗೆರೆಯ ನಮ್ಮ ಮನೆಯ ಪೋರ್ಟಿಕೋದಲ್ಲಿ ಅದು ನಿಂತಿದ್ದರೆ, ಕಾಲೇಜು ಆಫೀಸಿನ ಸೂಪರಿಂಟೆಂಡೆಂಟನಾದ ನಾನು ಯಾವುದೋ ಸಂಸ್ಥಾನದ ದಿವಾನನಂತೆ ಓಡಾಡುತ್ತಿದ್ದೆ. ಅಷ್ಟರಲ್ಲಿ ಮಂಗಗಳು ಬಂದು ಅದರ ನೆತ್ತಿಯ ಮೇಲೆ ಕೂತು ಹೇನು ಹೆಕ್ಕತೊಡಗಿದವು. ಪೋರ್ಟಿಕೋಗೆ ಕಬ್ಬಿಣದ ಜಾಲರಿ ಹಾಕಿಸುವುದೆಂದು ತೀರ್ಮಾನವಾಯಿತು. (ತೀರ್ಮಾನಿಸಿದವಳು ಆಶಾ, ತಲೆಯಾಡಿಸಿದವನು ನಾನು.) ಕರೂರು ಕೈಗಾರಿಕಾ ಪ್ರದೇಶದ ವೆಲ್ಡರ್ ರೇವಣ್ಣ ಬಂದು ಅಳತೆ ತೆಗೆದುಕೊಂಡು, ಶನಿವಾರ ಕೆಲಸ ಎಂದು ಹೇಳಿಹೋದ.

ವೆಲ್ಡಿಂಗ್ ಎಂದರೆ ಕಿಡಿ. ಕಿಡಿ ಎಂದರೆ ನನ್ನ ಹಾಲು ಬಿಳುಪಿನ ಗತಿಯೇನು?

"ಅವತ್ತೊಂದಿನ ಕಾರು ಎದುರು ಮನೆ ಮುಂದೆ ನಿಲ್ಲಿಸ್ರಿ, ಮುಗೀತು," ಎಂದಳು ಆಶಾ.

"ಅಲ್ಲಿ ತೆಂಗಿನ ಮರ ಐತೆ. ಕಾಯಿ ಬಿದ್ರೆ?"

"ಪಕ್ಕದ ಖಾಲಿ ಸೈಟಿನಾಗೆ ಇಡ್ರಿ."

"ಹುಡುಗ್ರು ಕ್ರಿಕೆಟ್ ಆಡ್ತಾರೆ."

"ಹಂಗಾದ್ರೆ ತಲೆ ಮ್ಯಾಲೆ ಹೊತ್ಕಂಡು ನಿಂದ್ರಿ!"

ಆಗ ನನಗೆ ಹರಿಹರ ಹೊಳೆಯಿತು. ಅಲ್ಲಿ ನನ್ನ ಅಕ್ಕ ಅಕ್ಕನಾಗಮ್ಮನ ಮನೆಯಿದೆ. (ಹೆಸರು ಹಿಡಿದು ಕರೆದರೂ ಅಕ್ಕ ಎಂದಂತೆಯೇ ಆಗುವುದು ಆಕೆಯ ಪುಣ್ಯ.) ಮನೆಯ ಮುಂದೆ ಅಂಗಳ, ತೆಂಗಿಲ್ಲ, ಕ್ರಿಕೆಟ್ಟಿಲ್ಲ. ಆಶಾ ಬೇಡವೆಂದರೂ ಕೇಳದೆ ಶುಕ್ರವಾರ ಬೆಳಿಗ್ಗೆ ಕಾರನ್ನು ಒಯ್ದು ಅಂಗಳದಲ್ಲಿ ನಿಲ್ಲಿಸಿ, ಕೀಲಿಯನ್ನು ಜೇಬಿಗಿಳಿಸಿಕೊಂಡು ಬಸ್ಸು ಹತ್ತಿದೆ.

ಬಸ್ಸು ಊರು ದಾಟುವ ಮೊದಲೇ ಹೊಸ ಭಯ ಹುಟ್ಟಿತು. ಭಾವ ನಾಗರಾಜಪ್ಪನವರಿಗೆ ಫೋನ್ ಮಾಡಿದೆ. ಅವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಮಾತು ಕಡಿಮೆ.

"ಭಾವ, ನಿಮ್ಮ ಅಂಗಳಕ್ಕೆ ಗೇಟೇ ಇಲ್ಲ. ದನ ಬಂದು ಮೈ ತಿಕ್ಕಿದ್ರೆ?"

"ನೋಡ್ಕೋತೀನಿ ಬಿಡಪ್ಪ."

ಮಧ್ಯಾಹ್ನ ಮತ್ತೆ ಮಾಡಿದೆ. "ಬರೇ ನೋಡ್ಕಂಡ್ರೆ ಸಾಲದು ಭಾವ, ಏನಾರ ಭದ್ರವಾದ ವ್ಯವಸ್ಥೆ ಮಾಡ್ರಿ."

"ಆಯ್ತಪ್ಪ."

ಸಂಜೆ ಮೂರನೆಯ ಸಲ ಮಾಡಿದಾಗ, ಹಿಂದಿನಿಂದ ಜರ್ರ್ ಎಂಬ ಸದ್ದು ಕೇಳುತ್ತಿತ್ತು. ಅಕ್ಕ ಮಿಕ್ಸಿ ಹಾಕಿರಬೇಕೆಂದುಕೊಂಡು ನೆಮ್ಮದಿಯಿಂದ ಮಲಗಿದೆ.

ಶನಿವಾರ ರೇವಣ್ಣ ಸಿದ್ಧವಾದ ಜಾಲರಿಯನ್ನೇ ಗಾಡಿಯಲ್ಲಿ ತಂದಿಳಿಸಿದ. ಗೋಡೆಗೆ ನಾಲ್ಕು ತೂತು ಕೊರೆದು, ನಾಲ್ಕು ಬೋಲ್ಟು ಬಿಗಿದು, ಅರ್ಧ ಗಂಟೆಯಲ್ಲಿ ಕೈತೊಳೆದುಕೊಂಡ.

"ವೆಲ್ಡಿಂಗ್ ಯಾವಾಗಪ್ಪ?" ಎಂದೆ.

"ಅದನ್ನೆಲ್ಲಾ ಶೆಡ್ಡಿನಾಗೇ ಮುಗಿಸ್ಕಂಡು ಬಂದೀನಲ್ರಿ ಸಾರ್! ಇಲ್ಲಿ ಒಂದು ಕಿಡೀನೂ ಏಳಂಗಿಲ್ಲ."

ಆಶಾ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದಾಗ ಮನೆಯಲ್ಲಿ ಎಷ್ಟು ಸದ್ದಿರುತ್ತದೆ ಎಂಬುದು ಗಂಡಂದಿರಿಗಷ್ಟೇ ಗೊತ್ತು.

ಭಾನುವಾರ ಇಬ್ಬರೂ ಹರಿಹರಕ್ಕೆ ಹೋದೆವು. ದೂರದಿಂದಲೇ ಕಾರು ಕಂಡಿತು. ಮೈತುಂಬ ಕೇಸರಿ ಚುಕ್ಕೆ! ಅಕ್ಕ ಪ್ರೀತಿಯಿಂದ ಕುಂಕುಮದ ನೀರು ಚಿಮುಕಿಸಿ ಪೂಜೆ ಮಾಡಿದ್ದಾಳೆಂದು ನನ್ನ ಕಣ್ಣು ಒದ್ದೆಯಾಯಿತು. ಕರವಸ್ತ್ರ ತೆಗೆದು ಒಂದು ಚುಕ್ಕೆ ಒರೆಸಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದೆ. ಜಪ್ಪಯ್ಯ ಎನ್ನಲಿಲ್ಲ. ಬಾನೆಟ್ಟು, ಬಾಗಿಲು, ಟಾಪು, ಎಲ್ಲ ಕಡೆ ಸಾವಿರಾರು ಚುಕ್ಕೆ.

"ಅಯ್ಯಯ್ಯೋ, ಕಾರಿಗೆ ಅಮ್ಮ ಎದ್ದೈತೆ ಕಣ್ರಿ!" ಎಂದು ಆಶಾ ಬಾಯಿ ಮೇಲೆ ಕೈಯಿಟ್ಟಳು.

"ಅಕ್ಕಾ! ಏನಿದು?" ನಾನು ಕಿರುಚಿದೆ.

ಅಕ್ಕ ಸೆರಗಿಗೆ ಕೈ ಒರೆಸುತ್ತ ಬಂದಳು. "ಕಬ್ಬಿಣದ ಪುಡಿ ಕಣೋ ತಮ್ಮಾ. ಗೇಟಿನ ಕಂಬಿ ಕೊಯ್ಯುವಾಗ ಹಾರಿ ಕೂತಿತ್ತು. ಪಾಪ, ಹೊಸಾ ಕಾರು ಅಂತ ಹೊತ್ತಿಗೊಂದು ಸಲ ನೀರು ಹಾಕಿ ತೊಳೆದೀನಿ. ತೊಳೆದಷ್ಟೂ ಕೆಂಪಗಾತು ನೋಡು!"

"ಯಾವ ಗೇಟು?"

ಭಾವ ನಗುತ್ತ ಬೆರಳು ತೋರಿಸಿದರು. ಅಂಗಳದ ಬಾಯಿಗೆ ಎರಡು ಕಬ್ಬಿಣದ ಕಂಬ, ನಡುವೆ ಭರ್ಜರಿ ಗೇಟು. "ನೀನೇ ಭದ್ರವಾದ ವ್ಯವಸ್ಥೆ ಮಾಡ್ರಿ ಅಂದ್ಯಲ್ಲಪ್ಪ. ಎರಡು ದಿನ ಇಲ್ಲೇ ನಿಂತು ಮಾಡಿಸೀನಿ."

"ಅಷ್ಟೊತ್ತು ಕಾರನ್ನಾದ್ರೂ ಆಚೆ ತೆಗೀಬಾರದಿತ್ತಾ ಭಾವ?"

"ಕೀಲಿ ನಿನ್ನ ಜೇಬಿನಾಗೆ ಇತ್ತಲ್ಲ."

ಕಿಡಿಕಿಡಿಯಾಗಬೇಕಿದ್ದ ನಾನು ತಣ್ಣಗಾದೆ. ಕಿಡಿಗೇಡಿ ನಾನೇ ಎಂದು ತಿಳಿದ ಮೇಲೆ ಯಾರನ್ನು ಬೈಯಲಿ? ಆದದ್ದಾಯಿತು, ಮೊದಲು ಇಲ್ಲಿಂದ ಪಾರಾಗೋಣವೆಂದು ಕಾರು ಸ್ಟಾರ್ಟ್ ಮಾಡಿ ಗೇಟಿನತ್ತ ತಂದೆ. ಎಡಗನ್ನಡಿ ಎಡಗಂಬಕ್ಕೆ, ಬಲಗನ್ನಡಿ ಬಲಗಂಬಕ್ಕೆ. ಕನ್ನಡಿ ಮಡಚಿದೆ. ಆಗಲೂ ಹೋಗಲಿಲ್ಲ.

"ಭಾವ, ಅಳತೆ ಹೆಂಗೆ ತಗಂಡ್ರಿ?"

"ಸರಿಯಾಗೇ ತಗಂಡೀನಿ. ಈ ಗಾಲಿ ನಡುವಿನಿಂದ ಆ ಗಾಲಿ ನಡುವಿನ ತನಕ."

ಮೂವತ್ತು ವರ್ಷ ಮಕ್ಕಳಿಗೆ ಚಿತ್ರ ಬರೆಯಲು ಕಲಿಸಿದವರು! ಗಾಲಿಯ ಆಚೆಗೂ ಕಾರಿಗೆ ಮೈಯಿದೆ ಎಂಬುದನ್ನೇ ಮರೆತಿದ್ದರು. ಗೇಟು ಹಾಕಿದ ನಿಂಗರಾಜನನ್ನೇ ಕರೆಸಿದರು. ಅವನು ಕಂಬ ಬಡಿದು ನೋಡಿ ಹೇಳಿದ: "ಕಾಂಕ್ರೀಟ್ ಸೆಟ್ಟಾಗೈತ್ರಿ. ಒಂದು ಕಂಬ ಕೊಯ್ಯಬೇಕು. ಕಾರು ಹಿಂದಕ್ಕೆ ತಗೀರಿ."

ಹಿಂದಕ್ಕೆ ತೆಗೆದರೆ ಮೂರಡಿಗೆ ನೀರಿನ ತೊಟ್ಟಿ.

"ಹಂಗಾದ್ರೆ ಯಾರಾದ್ರೂ ಹಸಿ ಗೋಣಿಚೀಲ ಹಿಡ್ಕಂಡು ಅಡ್ಡ ನಿಲ್ಲಬೇಕ್ರಿ. ಗಾಜಿಗೆ ಕಿಡಿ ಬಿದ್ರೆ ಹೊಂಡ ಬೀಳ್ತಾವೆ. ಆ ತುಕ್ಕಿನ ಚುಕ್ಕೆ ಏನಿಲ್ಲ, ಕಾರು ತೊಳೆಯೋರ ಹತ್ರ ಒಂಥರ ಜೇಡಿಮಣ್ಣು ಇರ್ತೈತೆ, ತಿಕ್ಕಿದ್ರೆ ಹೋಗ್ತಾವೆ. ಗಾಜಿನ ಹೊಂಡ ಮಾತ್ರ ಹೋಗಂಗಿಲ್ಲ."

ಎಲ್ಲರೂ ನನ್ನ ಮುಖ ನೋಡಿದರು.

ನಿಂಗರಾಜನ ಕಬ್ಬಿಣ ಕೊಯ್ಯುವ ಗ್ರೈಂಡರಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ, ನೀರು ಸುರಿಯುವ ಗೋಣಿಚೀಲ ಹಿಡಿದು, ಮಗುವನ್ನು ಸಿಡಿಲಿನಿಂದ ಕಾಯುವ ತಾಯಿಯಂತೆ ಕಾರಿಗೆ ಅಡ್ಡ ನಿಂತೆ. ಜರ್ರ್! ಚಟಪಟ! ಮುಂದಿನ ಐದು ನಿಮಿಷ ನಾನು ಬಾಯಿಂದ ಹೊರಡಿಸಿದ ಸ್ವರಗಳಿಗೆ ಅಕ್ಷರಮಾಲೆಯಲ್ಲಿ ಜಾಗವಿಲ್ಲ. ಕಾರಿಗೆ ಒಂದೇ ಒಂದು ಕಿಡಿ ತಾಗಲಿಲ್ಲ. ನನ್ನ ಶರ್ಟಿನ ಬೆನ್ನು ಜರಡಿಯಾಯಿತು.

ಅಕ್ಕ ಬೆನ್ನಿಗೆ ಕೊಬ್ಬರಿಎಣ್ಣೆ ಹಚ್ಚಿ ಕಳಿಸಿದಳು. ಸೀಟಿಗೆ ಒರಗಲಾರದೆ ದಾವಣಗೆರೆವರೆಗೂ ಸ್ಟೀರಿಂಗನ್ನು ಅಪ್ಪಿಕೊಂಡೇ ಓಡಿಸಿದೆ. ಮನೆ ಮುಟ್ಟುತ್ತಿದ್ದಂತೆ ಭಾವನ ಫೋನು.

"ಪ್ರಭು, ಗೇಟು ಅಗಲ ಮಾಡಿ ಮತ್ತೆ ಹಾಕಿಸ್ತೀನಪ್ಪ. ಈ ಸಲ ಅಳತೆ ತಪ್ಪಬಾರದು. ಮುಂದಿನ ಭಾನುವಾರ ಕಾರು ತಗಂಡು ಬಾ."

ಆಶಾ ಫೋನು ಕಿತ್ತುಕೊಂಡಳು.

"ಕಾರು ಯಾಕ್ರಿ ಅಣ್ಣಾರೆ? ಇವರನ್ನೇ ಬಸ್ಸಿಗೆ ಹತ್ತಿಸ್ತೀನಿ. ಕೈ ಚಾಚಿ ನಿಂತ್ರೆ ಸರೀ ಕಾರಿನಷ್ಟೇ ಅಗಲ ಆಗ್ತಾರೆ, ನಾನೇ ಕಣ್ಣಾರೆ ನೋಡೀನಿ."